ಬೆಳ್ಳಿ ನಾಣ್ಯದ ಡಬ್ಬಿ ಒಡೆಯುವ ಮುಂಚೆ

ಹೋದ ವರ್ಷ ನಮ್ಮ ಷಡ್ಡಕರಿಗೆ ದುಡ್ಡಿನ ತುರ್ತು ಬಿತ್ತು. ಅಮೆರಿಕದಲ್ಲಿರುವ ಮಗಳು ಗೃಹಪ್ರವೇಶಕ್ಕೆ ಕೊಟ್ಟಿದ್ದ ಬೆಳ್ಳಿ ನಾಣ್ಯ ಬೀರುವಿನಲ್ಲಿತ್ತು. ಅದನ್ನು ಹಿಡಿದು ಮಂಡ್ಯದ ಪೇಟೆ ಬೀದಿಯ ಒಂದು ಅಂಗಡಿಗೆ ಹೋದೆವು. ನಾಣ್ಯ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗಿತ್ತು. ಮೇಲೊಂದು ಚೀಟಿ, ಚೀಟಿಯಲ್ಲಿ "ಎಂಎಸ್ 70" ಅಂತ ಅಚ್ಚು, ಅಂದರೆ ನಾಣ್ಯ ನೋಡಿ ಅಂಕ ಹಾಕುವ ಕಂಪನಿ ಕೊಟ್ಟ ಪೂರ್ತಿ ಅಂಕ. ಅಂಗಡಿಯವರು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

"ಡಬ್ಬಿ ಒಡ್ದಾಕ್ಲಾ ಸಾ? ತೂಕ ಹಾಕ್ಬೇಕಲ್ಲ."

ನಾನು ಕೈ ಅಡ್ಡ ಹಿಡಿದೆ. ಒಡೆದಿದ್ದರೆ ಅದು 31 ಗ್ರಾಂ ಬೆಳ್ಳಿ, ಅಷ್ಟೇ. ಅಂಗಡಿಯವರ ತಪ್ಪೇನೂ ಇಲ್ಲ. ಅವರ ವ್ಯಾಪಾರ ಬೆಳ್ಳಿಯದು. ಡಬ್ಬಿಗೆ, ಚೀಟಿಗೆ ಬೆಲೆ ಕೊಡುವವರು ಬೇರೆಯೇ ಜನ. ಆ ಜನ ಯಾರು, ಎಷ್ಟು ಕೊಡುತ್ತಾರೆ, ನಮ್ಮ ನಾಣ್ಯಕ್ಕೆ ಕೊಡುತ್ತಾರೋ ಇಲ್ಲವೋ ಅಂತ ಮನೆಯಲ್ಲೇ ಕೂತು ಕಂಡುಕೊಳ್ಳಬಹುದು. ಮೈಸೂರು, ಮಂಡ್ಯ ಕಡೆ ಈಗ ಎಷ್ಟೋ ಮನೆಗಳಲ್ಲಿ ಇಂಥ ನಾಣ್ಯಗಳಿವೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು: ಇದು ನಾಣ್ಯವೋ, ಬಿಲ್ಲೆಯೋ?

ಧನತೇರಸ್‌ಗೆ ಮೈಸೂರಿನ ಅಶೋಕ ರಸ್ತೆಯಲ್ಲಿ ಕೊಂಡ ಲಕ್ಷ್ಮಿ ಗಣಪತಿ "ಕಾಯಿನ್" ನಿಜವಾಗಿ ನಾಣ್ಯವಲ್ಲ. ಅದು ಬೆಳ್ಳಿ ಬಿಲ್ಲೆ. ಯಾವ ಸರ್ಕಾರವೂ ಅದನ್ನು ಹೊರಡಿಸಿಲ್ಲ, ಅದರ ಮೇಲೆ ಮುಖಬೆಲೆ ಇಲ್ಲ. ಬೆಳ್ಳಿ ಚೆನ್ನಾಗಿಯೇ ಇರಬಹುದು, 999 ಶುದ್ಧತೆಯೂ (ಸಾವಿರದಲ್ಲಿ 999 ಪಾಲು ಬೆಳ್ಳಿ) ಇರಬಹುದು. ಆದರೆ ಸಂಗ್ರಹದ ಬೆಲೆ, ಅಂದರೆ ನಾಣ್ಯ ಕೂಡಿಡುವವರು ಲೋಹಕ್ಕಿಂತ ಜಾಸ್ತಿ ಕೊಡುವ ದುಡ್ಡು, ಬರುವುದು ತೀರಾ ಅಪರೂಪ. ಅಂಥದ್ದು ನಿಮ್ಮಲ್ಲಿದ್ದರೆ ಗ್ರೇಡಿಂಗ್, ಅಂದರೆ ಕಂಪನಿಯಿಂದ ಅಂಕ ಹಾಕಿಸುವ ಯೋಚನೆ ಬಿಟ್ಟುಬಿಡಿ. ಅಂಗಡಿಯ ಬಿಲ್ಲು ಜೋಪಾನ ಮಾಡಿ, ಸಾಕು.

ಸರ್ಕಾರಿ ಟಂಕಸಾಲೆ ಹೂಡಿಕೆಗೆಂದೇ ಹೊಡೆದ ನಾಣ್ಯಕ್ಕೆ ಬುಲಿಯನ್ ನಾಣ್ಯ ಅನ್ನುತ್ತಾರೆ. ನಮ್ಮ ಕಡೆಯ ಮನೆಗಳಲ್ಲಿ ಜಾಸ್ತಿ ಸಿಗುವುದು ಅಮೆರಿಕದ ಸಿಲ್ವರ್ ಈಗಲ್. 1986ರಿಂದ ಬರುತ್ತಿದೆ. ಮುಖಬೆಲೆ 1 ಡಾಲರ್, ತೂಕ ಒಂದು ಟ್ರಾಯ್ ಔನ್ಸ್, ಅಂದರೆ 31.1 ಗ್ರಾಂ. ಅಗಲ 40.6 ಮಿಲಿಮೀಟರ್. ಕೆನಡಾದ ಮೇಪಲ್ ಲೀಫ್ 1988ರದು, ಶುದ್ಧತೆ 9999 (ಹತ್ತು ಸಾವಿರದಲ್ಲಿ 9999 ಪಾಲು). ಬ್ರಿಟನ್ನಿನ ಬ್ರಿಟಾನಿಯಾ 1997ರಲ್ಲಿ ಶುರುವಾಯಿತು. 2012ರವರೆಗೆ ಅದರ ಶುದ್ಧತೆ 958 ಮಾತ್ರ, 2013ರಿಂದ 999. ಆಸ್ಟ್ರಿಯಾದ ಫಿಲ್‌ಹಾರ್ಮೋನಿಕ್ 2008ರಿಂದ ಬೆಳ್ಳಿಯಲ್ಲಿದೆ. ಮೆಕ್ಸಿಕೋದ ಲಿಬರ್ತಾದ್ ಮೇಲೆ ಮುಖಬೆಲೆಯೇ ಇರುವುದಿಲ್ಲ, ಆದರೂ ಅದು ಸರ್ಕಾರಿ ನಾಣ್ಯವೇ. ಚೀನಾದ ಪಾಂಡಾ 2016ರಿಂದ ಔನ್ಸ್ ಬಿಟ್ಟು 30 ಗ್ರಾಂಗೆ ಬಂದಿದೆ. ಹೊಸ ಪಾಂಡಾ ತೂಕ ಹಾಕಿ "ಒಂದು ಗ್ರಾಂ ಕಮ್ಮಿ ಇದೆ, ನಕಲಿ" ಅಂತ ಗಾಬರಿಯಾಗಬೇಡಿ.

ನಮ್ಮ ದೇಶದ್ದೂ ಇದೆ. ಮೈಸೂರು ವಿಶ್ವವಿದ್ಯಾಲಯಕ್ಕೆ 2016ರಲ್ಲಿ ನೂರು ತುಂಬಿದಾಗ 100 ರೂಪಾಯಿಯ ಸ್ಮಾರಕ ನಾಣ್ಯ ಬಂತು. ತೂಕ 35 ಗ್ರಾಂ. ಆದರೆ ಬೆಳ್ಳಿ ಅರ್ಧ ಮಾತ್ರ. ಉಳಿದದ್ದು ತಾಮ್ರ, ನಿಕಲ್, ಸತು. ಕರಗಿಸಿದರೆ ಸಿಗುವುದು 17.5 ಗ್ರಾಂ ಬೆಳ್ಳಿ. ಅಂದಹಾಗೆ, ಸರ್ಕಾರಿ ನಾಣ್ಯ ಕರಗಿಸುವುದು 2011ರ ನಾಣ್ಯ ಕಾಯ್ದೆ ಪ್ರಕಾರ ಅಪರಾಧ. ಇಂಥ ನಾಣ್ಯವನ್ನು ಜನ ಕೊಳ್ಳುವುದು ಬೆಳ್ಳಿಗಾಗಿ ಅಲ್ಲ, ಆ ಸಂದರ್ಭಕ್ಕಾಗಿ. ಟಂಕಸಾಲೆ ಕೊಟ್ಟ ಪ್ಯಾಕ್‌ನಲ್ಲೇ ಬಿಡಿ. ಪ್ಯಾಕ್ ಹೋದರೆ ಬೆಲೆಯೂ ಇಳಿಯುತ್ತದೆ.

(ನೋಟು ಅಚ್ಚಾಗುವ ಊರು ನಮ್ಮ ಮೈಸೂರು. ಆದರೆ ನಾಣ್ಯ ಇಲ್ಲಿ ಹೊಡೆಯುವುದಿಲ್ಲ. ಅದು ಮುಂಬೈ, ಕೋಲ್ಕತ್ತ, ಹೈದರಾಬಾದ್, ನೊಯ್ಡಾ ಕೆಲಸ. ಟಿಪ್ಪು ಕಾಲದಲ್ಲಿ ಶ್ರೀರಂಗಪಟ್ಟಣದಲ್ಲೇ ಟಂಕಸಾಲೆ ಇತ್ತು. ಆ ನಾಣ್ಯಗಳ ಕತೆ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ, ಯಾಕಂದರೆ ಅಲ್ಲೊಂದು ಕಾನೂನಿನ ಗುಂಡಿ ಇದೆ.)

ಒಂದೇ ನಾಣ್ಯ, ಮೂರು ಬೆಲೆ

ಮೊದಲನೆಯದು ಲೋಹದ ಬೆಲೆ. ಇವತ್ತಿನ ಬೆಳ್ಳಿ ರೇಟನ್ನು 31.1ರಿಂದ ಗುಣಿಸಿ. ಗ್ರಾಂಗೆ 200 ರೂಪಾಯಿ ಅಂತಿಟ್ಟುಕೊಂಡರೆ 6,220 ಆಯಿತು.

ಎರಡನೆಯದು ಪ್ರೀಮಿಯಂ. ನಾಣ್ಯ ಹೊಡೆದದ್ದಕ್ಕೆ, ಸಾಗಿಸಿದ್ದಕ್ಕೆ, ಮಾರುವವರ ಲಾಭಕ್ಕೆ ಸೇರುವ ದುಡ್ಡು. ಕೊಳ್ಳುವಾಗ ಇದನ್ನು ನೀವು ಕೊಟ್ಟೇ ಕೊಡುತ್ತೀರಿ. ಮಾರುವಾಗ ಪೂರ್ತಿ ವಾಪಸ್ ಬರುವುದಿಲ್ಲ. ನಮ್ಮ ಊರಿನ ಒಡವೆ ಅಂಗಡಿಯಲ್ಲಿ ಒಂದು ಪೈಸೆಯೂ ಬರುವುದಿಲ್ಲ.

ಮೂರನೆಯದೇ ಸಂಗ್ರಹದ ಬೆಲೆ. "ಈ ನಾಣ್ಯವೇ ಬೇಕು, ಬೇರೆಯದು ಬೇಡ" ಅಂತ ಇನ್ನೊಬ್ಬರು ಹಟ ಹಿಡಿದಾಗ ಮಾತ್ರ ಇದು ಹುಟ್ಟುತ್ತದೆ. ಹೆಚ್ಚಿನ ಬುಲಿಯನ್ ನಾಣ್ಯಗಳಿಗೆ ಇದು ಇಲ್ಲವೇ ಇಲ್ಲ. ಕಾರಣ ಸರಳ. 2015ರಲ್ಲಿ ಸಿಲ್ವರ್ ಈಗಲ್ ಮಾರಾಟವಾದದ್ದು 4 ಕೋಟಿ 70 ಲಕ್ಷ. ಕೊಂಡವರೆಲ್ಲ ಅದನ್ನು ಜೇಬಿನಲ್ಲಿ ಹಾಕಿಕೊಂಡು ತಿರುಗಲಿಲ್ಲ, ನಾಣ್ಯ ತುಂಬಿ ಬಂದ ಪ್ಲಾಸ್ಟಿಕ್ ಟ್ಯೂಬಿನಲ್ಲೇ ಇಟ್ಟರು. ಹಾಗಾಗಿ ಕೋಟಿಗಟ್ಟಲೆ ನಾಣ್ಯ ಇವತ್ತಿಗೂ ಹೊಸದರಂತಿವೆ. ಹಳೇ ನಾಣ್ಯದಲ್ಲಿ ಹೊಳಪು ಉಳಿದದ್ದೇ ಅಪರೂಪ. ಹೊಸ ಬುಲಿಯನ್‌ನಲ್ಲಿ ಹೊಳಪಿಲ್ಲದಿದ್ದರೆ ಅದೇ ಅಪರೂಪ! ಇಷ್ಟು ಮನಸ್ಸಿಗೆ ಬಂದರೆ ಅರ್ಧ ಮೋಸ ತಪ್ಪಿದ ಹಾಗೆ.

ಹಾಗಾದರೆ ಯಾವುದಕ್ಕೆ ನಿಜವಾಗಿ ಬೆಲೆ ಇದೆ? ಈಗಲ್‌ನಲ್ಲೇ ನೋಡಿ. ಮಾಮೂಲಿ ಬುಲಿಯನ್ ಸಾಲಿನಲ್ಲಿ ಕಮ್ಮಿ ಹೊಡೆದದ್ದು 1996ರಲ್ಲಿ, ಸುಮಾರು 36 ಲಕ್ಷ. ಹಾಗಾಗಿ ಆ ವರ್ಷದ್ದಕ್ಕೆ ಬೆಳ್ಳಿಗಿಂತ ಜಾಸ್ತಿ ಬೆಲೆ ಇದೆ. ಇದಕ್ಕಿಂತ ದೊಡ್ಡ ಕತೆ 1995ರ "ಡಬ್ಲ್ಯೂ" ಅಕ್ಷರದ ಪ್ರೂಫ್ (ಸಂಗ್ರಹಕ್ಕೆಂದೇ ವಿಶೇಷವಾಗಿ ಹೊಡೆದ) ನಾಣ್ಯದ್ದು. ವೆಸ್ಟ್ ಪಾಯಿಂಟ್ ಟಂಕಸಾಲೆಯದು. ಹತ್ತನೇ ವರ್ಷದ ನೆನಪಿಗೆ ತಂದ ಚಿನ್ನದ ನಾಣ್ಯಗಳ ಸೆಟ್ ಕೊಂಡವರಿಗೆ ಮಾತ್ರ ಸಿಕ್ಕಿತು. ಒಟ್ಟು 30,125. ಈಗಲ್ ಸಾಲು ಪೂರ್ತಿ ಮಾಡಬೇಕು ಅನ್ನುವವರಿಗೆ ಇದಿಲ್ಲದೆ ಆಗುವುದಿಲ್ಲ, ಸಿಗುವುದೂ ಕಷ್ಟ. 2019ರಲ್ಲಿ "ಎಸ್" ಅಕ್ಷರದ (ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯದು) ಎನ್‌ಹಾನ್ಸ್ಡ್ ರಿವರ್ಸ್ ಪ್ರೂಫ್ ಅನ್ನುವ ಇನ್ನೊಂದು ಬಗೆಯ ಪ್ರೂಫ್ ಬಂದಾಗಲೂ ಮಿತಿ 30,000 ಇತ್ತು. ಅದನ್ನೂ ಜನ ಮುಗಿಬಿದ್ದು ಕೊಂಡರು. ಪಾಂಡಾ, ಆಸ್ಟ್ರೇಲಿಯಾದ ಕೂಕಬರ್ರಾ ಇವುಗಳ ಚಿತ್ರ ಹೆಚ್ಚುಕಮ್ಮಿ ಪ್ರತಿ ವರ್ಷ ಬದಲಾಗುತ್ತದೆ. ಹಾಗಾಗಿ ಹಳೇ ವರ್ಷದವನ್ನು ಹುಡುಕುವವರು ಇದ್ದೇ ಇರುತ್ತಾರೆ.

ನಿಮ್ಮ ನಾಣ್ಯದ ವರ್ಷ, ಟಂಕಸಾಲೆ ಗುರುತು, ಪ್ರೂಫೋ ಮಾಮೂಲಿಯೋ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪ್ರೂಫ್ ಆದರೆ ಹಿನ್ನೆಲೆ ಕನ್ನಡಿಯ ಹಾಗೆ ಇರುತ್ತದೆ, ಚಿತ್ರ ಮಂಜು ಬಿದ್ದ ಹಾಗೆ ಬಿಳಿಚಿರುತ್ತದೆ. ರಿವರ್ಸ್ ಪ್ರೂಫ್‌ನಲ್ಲಿ ಇದು ತಿರುಗುಮುರುಗು.

ಅಸಲಿಯೋ ನಕಲಿಯೋ, ಮನೆಯಲ್ಲೇ ನೋಡುವುದು

ಈಗಲ್, ಪಾಂಡಾ ಎರಡಕ್ಕೂ ನಕಲಿ ಬೇಕಾದಷ್ಟಿವೆ. ಆನ್‌ಲೈನ್‌ನಲ್ಲಿ ಬೆಳ್ಳಿ ರೇಟಿಗಿಂತ ಕಮ್ಮಿಗೆ ಯಾರಾದರೂ ಕೊಡುತ್ತಿದ್ದರೆ ಅಲ್ಲೇ ನಿಲ್ಲಿ. ಬೆಳ್ಳಿಯನ್ನು ಬೆಳ್ಳಿಗಿಂತ ಅಗ್ಗಕ್ಕೆ ಯಾಕೆ ಮಾರುತ್ತಾರೆ, ಅಲ್ವಾ?

ಒರೆಗಲ್ಲಿಗೆ ಮಾತ್ರ ಉಜ್ಜಲು ಬಿಡಬೇಡಿ. ಒಂದು ಗೀರು ಬಿದ್ದರೂ ಸಂಗ್ರಹದ ಬೆಲೆ ಹೋಯಿತು. ಬದಲಿಗೆ ಮೂರು ಕೆಲಸ ಮಾಡಿ. ತೂಕ ನೋಡಿ. ಅಗಲ ಅಳೆಯಿರಿ. ಈ ಎರಡರಲ್ಲಿ ನಕಲಿ ಮಾಡುವವರು ಒಂದನ್ನು ಸರಿ ಮಾಡಿದರೆ ಸಾಮಾನ್ಯವಾಗಿ ಇನ್ನೊಂದು ತಪ್ಪುತ್ತದೆ, ಇಲ್ಲವೇ ದಪ್ಪ ತಪ್ಪುತ್ತದೆ. ಮೂರನೆಯದು ಆಯಸ್ಕಾಂತ. ಬೆಳ್ಳಿ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟಿದರೆ ಕತೆ ಮುಗಿಯಿತು.

ಇಷ್ಟಾದರೂ ಅನುಮಾನ ಉಳಿದರೆ ನೀರಿನ ಪರೀಕ್ಷೆ ಇದೆ. ನನಗೆ ತುಂಬ ಇಷ್ಟವಾದದ್ದು ಇದೇ. 0.01 ಗ್ರಾಂವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಬೇಕು. ಅದರ ಮೇಲೆ ಒಂದು ಹಗುರ ಪ್ಲಾಸ್ಟಿಕ್ ಲೋಟ ಇಟ್ಟು, ಅರ್ಧ ಶುದ್ಧ ನೀರು ಹಾಕಿ, ತಕ್ಕಡಿಯನ್ನು ಸೊನ್ನೆಗೆ ತನ್ನಿ. ತೆಳ್ಳಗಿನ ನೂಲಿನಲ್ಲಿ ನಾಣ್ಯವನ್ನು ಕಟ್ಟಿ ನೀರಿನಲ್ಲಿ ಇಳಿಬಿಡಿ. ಪೂರ್ತಿ ಮುಳುಗಬೇಕು, ಆದರೆ ತಳಕ್ಕೂ ಪಕ್ಕಕ್ಕೂ ತಾಗಬಾರದು. ನಾಣ್ಯಕ್ಕೆ ಗುಳ್ಳೆ ಅಂಟಿದ್ದರೆ ಮೆಲ್ಲಗೆ ಅಲ್ಲಾಡಿಸಿ ಬಿಡಿಸಿ. ಈಗ ತಕ್ಕಡಿ 2.96 ಆಸುಪಾಸು ತೋರಿಸಬೇಕು. 31.1ನ್ನು ಅದರಿಂದ ಭಾಗಿಸಿದರೆ 10.5 ಬರುತ್ತದೆ. ಬೆಳ್ಳಿಯ ಸಾಂದ್ರತೆ 10.49. ಅದೇ ತೂಕದ ತಾಮ್ರ-ನಿಕಲ್ ಬಿಲ್ಲೆಗೆ ಬೆಳ್ಳಿ ಲೇಪ ಹೊಡೆದಿದ್ದರೆ ತಕ್ಕಡಿ 3.5 ಹತ್ತಿರ ಹೋಗುತ್ತದೆ. ಕಣ್ಣಿಗೆ ಕಾಣದ ವ್ಯತ್ಯಾಸ ಲೋಟದಲ್ಲಿ ಕಾಣುತ್ತದೆ. ಆಮೇಲೆ ನಾಣ್ಯವನ್ನು ಒರೆಸಬೇಡಿ. ಮೆತ್ತನೆ ಬಟ್ಟೆಯ ಮೇಲಿಟ್ಟು ಒತ್ತಿ, ಆರಲು ಬಿಡಿ. ಗ್ರೇಡಿಂಗ್‌ಗೆ ಕಳಿಸಲೇಬೇಕು ಅಂದುಕೊಂಡಿರುವ ಮಚ್ಚೆಯಿಲ್ಲದ ನಾಣ್ಯಕ್ಕೆ ಈ ನೀರು, ನೂಲು ಯಾವುದೂ ಬೇಡ.

ವಿಭೂತಿ ಕತೆ

ಇದು ನಮ್ಮ ಮನೆಯದೇ. ನನ್ನ ಹತ್ತಿರ 1996ರ ಒಂದು ಈಗಲ್ ಇತ್ತು. ಅದೇ, ಕಮ್ಮಿ ಹೊಡೆದ ವರ್ಷದ್ದು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅಮ್ಮ ಬೆಳ್ಳಿ ಸಾಮಾನೆಲ್ಲ ತೆಗೆದು ಹಿತ್ತಲ ಕಟ್ಟೆ ಮೇಲೆ ಕೂತರು. ದೀಪ, ಅರಿಶಿನ ಕುಂಕುಮದ ಬಟ್ಟಲು, ಪಂಚಪಾತ್ರೆ. ಜೊತೆಗೆ ನನ್ನ ಈಗಲ್. ವಿಭೂತಿ ಪುಡಿ ಹಾಕಿ ಹೆಬ್ಬೆರಳಲ್ಲಿ ತಿಕ್ಕಿದರು ನೋಡಿ, ನಾಣ್ಯ ಫಳಫಳ ಅಂತು. ನಾನು ಬಂದಾಗ ಅದು ಕಳಶದ ಮುಂದೆ ಕೂತಿತ್ತು, ಮೇಲೊಂದು ಕುಂಕುಮದ ಬೊಟ್ಟು.

ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ನೋಡಿದೆ. ನಾಣ್ಯದ ಮೇಲೆ ಸೂರ್ಯನ ಮುಂದೆ ನಡೆಯುವ ಲಿಬರ್ಟಿ ಅನ್ನುವ ಹೆಣ್ಣಿನ ಚಿತ್ರದ ಹಿಂದೆ, ಖಾಲಿ ಜಾಗದ ತುಂಬ, ಕೂದಲಿನಷ್ಟು ಸಣ್ಣ ಗೀರುಗಳು. ಎಲ್ಲವೂ ಒಂದೇ ಸುತ್ತಿನಲ್ಲಿ, ಹೆಬ್ಬೆರಳು ತಿರುಗಿದ ದಾರಿಯಲ್ಲೇ. ಗ್ರೇಡ್ ಮಾಡುವವರು ಇದನ್ನು "ಕ್ಲೀನ್ ಮಾಡಿದ್ದು" ಅಂತ ಬರೆದು ಅಂಕಿಯನ್ನೇ ಕೊಡದೆ ಕಳಿಸುತ್ತಾರೆ. ಅಮ್ಮನಿಗೆ ಏನೂ ಹೇಳಲಿಲ್ಲ. ಹೇಳಿ ಏನು ಮಾಡುವುದು? ಈಗ ಪ್ರತಿ ಹಬ್ಬಕ್ಕೂ ಅದೇ ನಾಣ್ಯ ಲಕ್ಷ್ಮಿ ಮುಂದೆ ಕೂರುತ್ತದೆ.

ಹಾಗಾಗಿ ತೊಳೆಯಬೇಡಿ. ವಿಭೂತಿ, ಹುಣಸೆಹಣ್ಣು, ಹಲ್ಲುಪುಡಿ, ಪೇಸ್ಟ್, ಅಂಗಡಿಯ ಬೆಳ್ಳಿ ಪಾಲಿಶ್ ಯಾವುದೂ ಬೇಡ. ಕಪ್ಪಾಗಿದ್ದರೆ ಕಪ್ಪಾಗಿಯೇ ಇರಲಿ. ಕಾಮನಬಿಲ್ಲಿನ ಬಣ್ಣಕ್ಕೆ ತಿರುಗಿದ ಬೆಳ್ಳಿಗೆ ಜಾಸ್ತಿ ಕೊಡುವವರೂ ಇದ್ದಾರೆ.

ಈ 70 ಅಂದರೆ ಏನು?

ವಿಲಿಯಂ ಶೆಲ್ಡನ್ ಅನ್ನುವ ಅಮೆರಿಕದವರು 1949ರಲ್ಲಿ ಅಲ್ಲಿಯ ಹಳೇ ಒಂದು ಸೆಂಟ್ ತಾಮ್ರದ ನಾಣ್ಯಗಳಿಗೆ 1ರಿಂದ 70ರವರೆಗೆ ಅಂಕ ಕೊಡುವ ಪದ್ಧತಿ ತಂದರು. 70 ಅಂಕದ್ದು 1 ಅಂಕದ್ದಕ್ಕಿಂತ 70 ಪಟ್ಟು ಬೆಲೆ ಬಾಳಬೇಕು ಅನ್ನುವುದು ಅವರ ಲೆಕ್ಕ. ಬೆಲೆಯ ಲೆಕ್ಕ ಕೆಲವೇ ವರ್ಷಕ್ಕೆ ಬಿದ್ದುಹೋಯಿತು. ಅಂಕಿ ಮಾತ್ರ ಉಳಿಯಿತು. ನಮ್ಮಲ್ಲಿ ಪರೀಕ್ಷೆಗೆ ನೂರು ಇದ್ದ ಹಾಗೆ ಇಲ್ಲಿ 70.

60ರಿಂದ 70ರವರೆಗಿನವು ಚಲಾವಣೆಗೆ ಹೋಗದ ನಾಣ್ಯಗಳು. ಅವಕ್ಕೆ "ಎಂಎಸ್" (ಮಿಂಟ್ ಸ್ಟೇಟ್, ಟಂಕಸಾಲೆಯಿಂದ ಬಂದ ಸ್ಥಿತಿ) ಅಂತ ಮುಂದೆ ಸೇರಿಸುತ್ತಾರೆ, ಪ್ರೂಫ್ ಆದರೆ "ಪಿಎಫ್" ಅಥವಾ "ಪಿಆರ್". ಐದು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿದಾಗ, ಟಂಕಸಾಲೆಯಲ್ಲಿ ಹೊಡೆದ ಮೇಲೆ ಆದ ಯಾವ ಊನವೂ ಕಾಣದಿದ್ದರೆ 70. ಚುಕ್ಕೆಯಷ್ಟು ಏನಾದರೂ ಕಂಡರೆ 69. ಬರಿಗಣ್ಣಿಗೆ ಇವೆರಡರ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಬೆಲೆಯಲ್ಲಿ ಮಾತ್ರ ಗೊತ್ತಾಗುತ್ತದೆ.

ಜಗತ್ತೆಲ್ಲ ನಂಬುವ ಗ್ರೇಡಿಂಗ್ ಕಂಪನಿಗಳು ಮುಖ್ಯವಾಗಿ ಎರಡು. 1986ರಲ್ಲಿ ಶುರುವಾದ ಪಿಸಿಜಿಎಸ್, 1987ರ ಎನ್‌ಜಿಸಿ. ಇವರು ನಾಣ್ಯ ಅಸಲಿಯೇ ಅಂತ ನೋಡಿ, ಅಂಕ ಕೊಟ್ಟು, ನಂಬರ್ ಹಾಕಿದ ಡಬ್ಬಿಯಲ್ಲಿ ಮುಚ್ಚುತ್ತಾರೆ. ಆ ಡಬ್ಬಿಗೇ ಸ್ಲ್ಯಾಬ್ ಅನ್ನುವುದು. ಇನ್ಯಾವುದೋ ಹೆಸರಿನ ಸ್ಲ್ಯಾಬ್ ಬಂದರೆ ಒಳಗಿನ ನಾಣ್ಯ ನೋಡಿ ಬೆಲೆ ಕಟ್ಟಿ, ಚೀಟಿ ನೋಡಿ ಬೇಡ. 70 ಅಂತ ಅಚ್ಚು ಹಾಕುವ ಪ್ರಿಂಟರ್ ಯಾರ ಹತ್ತಿರ ಬೇಕಾದರೂ ಇರುತ್ತದೆ.

ಸ್ಲ್ಯಾಬ್‌ಗೂ ನಕಲಿ ಇದೆ. ಚೀಟಿ ಮೇಲಿನ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ನಂಬರ್ ಸಿಕ್ಕಿತು ಅಂತ ಅಲ್ಲಿಗೇ ಬಿಡಬೇಡಿ. ಅಸಲಿ ನಂಬರನ್ನೇ ಕದ್ದು ಅಚ್ಚು ಹಾಕುತ್ತಾರೆ. ಫೋಟೋ ಇದ್ದರೆ ನಿಮ್ಮ ಕೈಯಲ್ಲಿರುವ ನಾಣ್ಯದ ಜೊತೆ ಮಚ್ಚೆ ಮಚ್ಚೆಗೂ ಹೋಲಿಸಿ.

ಇನ್ನೊಂದು, "ಫಸ್ಟ್ ಸ್ಟ್ರೈಕ್", "ಅರ್ಲಿ ರಿಲೀಸಸ್" ಅಂತ ಚೀಟಿಯಲ್ಲಿ ಇರುತ್ತದೆ. ಅಚ್ಚಿನಿಂದ ಮೊದಲು ಬಂದ ನಾಣ್ಯ ಅಂದುಕೊಳ್ಳಬೇಡಿ. ಬಿಡುಗಡೆಯಾದ ಮೊದಲ 30 ದಿನದೊಳಗೆ ಕಂಪನಿಯ ಕೈ ಸೇರಿತು ಅಂತಷ್ಟೇ ಅರ್ಥ. ಯಾವುದು ಮೊದಲು ಹೊಡೆದದ್ದು ಅಂತ ಅಮೆರಿಕದ ಟಂಕಸಾಲೆಯೇ ಲೆಕ್ಕ ಇಡುವುದಿಲ್ಲ. ನನ್ನ ಪ್ರಕಾರ ಆ ಎರಡು ಪದಕ್ಕೆ ನೂರು ರೂಪಾಯಿಯೂ ಜಾಸ್ತಿ.

ಕಳಿಸುವ ಮುಂಚೆ ಕಾಗದ, ಪೆನ್ನು

ಇಲ್ಲಿ ಅವಸರ ಬೇಡ. ಹೆಚ್ಚಿನವರು ದುಡ್ಡು ಕಳೆದುಕೊಳ್ಳುವುದು ಇಲ್ಲೇ.

ಒಂದು ನಾಣ್ಯಕ್ಕೆ ಗ್ರೇಡಿಂಗ್ ಖರ್ಚು ಅಂದರೆ ಬರೀ ಫೀಸಲ್ಲ. ಹ್ಯಾಂಡ್ಲಿಂಗ್ ಚಾರ್ಜ್, ಹೋಗಿ ಬರುವ ಕೊರಿಯರ್, ಇನ್ಶೂರೆನ್ಸ್, ಮಧ್ಯದ ಏಜೆಂಟರ ಕಮಿಷನ್ ಎಲ್ಲ ಸೇರುತ್ತದೆ. ಲೆಕ್ಕ ತೋರಿಸಲು ಸುಮ್ನೆ ಅಂಕಿ ಹಾಕುತ್ತೇನೆ. ನೀವು ಇವತ್ತಿನ ರೇಟ್ ಹಾಕಿ ಮಾಡಿ. ಹತ್ತು ಮಾಮೂಲಿ ಈಗಲ್ ಇವೆ ಅನ್ನೋಣ. ಒಂದೊಂದನ್ನು 7,500ಕ್ಕೆ ಕೊಂಡಿದ್ದೀರಿ. ಗ್ರೇಡಿಂಗ್ ಎಲ್ಲ ಸೇರಿ ತಲಾ 5,000. ಒಟ್ಟು ಬಿದ್ದದ್ದು 1,25,000. ನಾಲ್ಕಕ್ಕೆ 70 ಬಂತು, ಒಂದೊಂದು 13,500ಕ್ಕೆ ಹೋಯಿತು, 54,000. ಆರಕ್ಕೆ 69 ಬಂತು, 8,500ರಂತೆ 51,000. ಕೈಗೆ ಬಂದದ್ದು 1,05,000. ಇಪ್ಪತ್ತು ಸಾವಿರ ಕೈಬಿಟ್ಟಿತು, ಅದೂ ನಾಲ್ಕು ನಾಣ್ಯಕ್ಕೆ ಪೂರ್ತಿ ಅಂಕ ಬಂದ ಮೇಲೆ!

ಆದ್ದರಿಂದ ಕೇಳಿಕೊಳ್ಳಬೇಕಾದದ್ದು "70 ಬಂದರೆ ಎಷ್ಟು" ಅಂತಲ್ಲ, "69 ಬಂದರೂ ನಷ್ಟ ಆಗುವುದಿಲ್ಲವಾ" ಅಂತ. 1995ರ ಡಬ್ಲ್ಯೂ ಪ್ರೂಫ್ ಆದರೆ ಆಗುವುದಿಲ್ಲ, ಅದು ಅಸಲಿ ಅಂತ ಮುದ್ರೆ ಬಿದ್ದರೇ ದೊಡ್ಡದು. ಹೋದ ವರ್ಷದ ಮಾಮೂಲಿ ಈಗಲ್ ಆದರೆ ಖಂಡಿತ ಆಗುತ್ತದೆ.

ಬೆಲೆ ನೋಡುವಾಗ ಮಾರುವವರು ಕೇಳುತ್ತಿರುವ ಬೆಲೆ ನೋಡಬೇಡಿ. ಹರಾಜಿನಲ್ಲಿ, ಇಬೇ ವೆಬ್‌ಸೈಟಿನಲ್ಲಿ ನಿಜವಾಗಿ ಮಾರಾಟವಾದ ಬೆಲೆ ನೋಡಿ. ಜೊತೆಗೆ ಎರಡೂ ಕಂಪನಿಗಳು ಯಾವ ನಾಣ್ಯಕ್ಕೆ ಎಷ್ಟು ಸಲ ಯಾವ ಅಂಕ ಕೊಟ್ಟಿದ್ದೇವೆ ಅನ್ನುವ ಪಟ್ಟಿ ಇಟ್ಟಿವೆ. ಪಾಪ್ಯುಲೇಷನ್ ರಿಪೋರ್ಟ್ ಅನ್ನುತ್ತಾರೆ. ನಿಮ್ಮ ನಾಣ್ಯದ ಸಾಲಿನಲ್ಲಿ 70 ಪಡೆದವು ಸಾವಿರಗಟ್ಟಲೆ ಇದ್ದರೆ ನಿಮ್ಮದು ಇನ್ನೊಂದು ಸೇರಿತು, ಅಷ್ಟೇ. 1990ರ ದಶಕದ ಈಗಲ್‌ಗಳಲ್ಲಿ 70 ಕಮ್ಮಿ. ಆಗ ಈ ಅಂಕಕ್ಕಾಗಿ ಯಾರೂ ಜೋಪಾನ ಮಾಡಿರಲಿಲ್ಲ. ಅಂಥದ್ದು ಶುದ್ಧವಾಗಿ ಉಳಿದಿದ್ದರೆ ಯೋಚಿಸಬಹುದು. ಹೊಸ ನಾಣ್ಯದ ಪಟ್ಟಿಯಲ್ಲಿ ಬರೀ ಹತ್ತು ಕಂಡರೆ ಹಿಗ್ಗಬೇಡಿ. ಇನ್ನೂ ಯಾರೂ ಕಳಿಸಿಲ್ಲ ಅಂತ ಅರ್ಥ.

ಆರಿಸುವುದು, ಕಳಿಸುವುದು

ಲೆಕ್ಕ ಸರಿಹೋಯಿತು ಅಂತಾದರೆ ನಾಣ್ಯ ಆರಿಸಿ. ಕೈ ತೊಳೆದು ಒರೆಸಿಕೊಂಡು, ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ. ಒಂದೇ ದೀಪ ಇರಲಿ. ನಾಣ್ಯವನ್ನು ಅಂಚಿನಲ್ಲೇ ಹಿಡಿಯಿರಿ, ಹಪ್ಪಳ ಹಿಡಿದ ಹಾಗಲ್ಲ. ಮುಖದ ಮೇಲೆ ಬೆರಳು ಬಿದ್ದರೆ ಬೆರಳಚ್ಚು ತಿಂಗಳಲ್ಲಿ ಕಂದು ಬಣ್ಣವಾಗಿ ಎದ್ದು ಬರುತ್ತದೆ. ದೀಪದ ಕೆಳಗೆ ನಾಣ್ಯವನ್ನು ನಿಧಾನ ಓಲಾಡಿಸಿ. ಗೀರು ನೇರ ನೋಡಿದರೆ ಕಾಣುವುದಿಲ್ಲ, ಬೆಳಕು ಜಾರುವಾಗ ಮಿಂಚುತ್ತದೆ. ಅಂಚಿನ ಪಟ್ಟಿಯ ಮೇಲೆ ಪಕ್ಕದ ನಾಣ್ಯ ಬಡಿದ ಗುರುತು ಹುಡುಕಿ. ಟ್ಯೂಬಿನಲ್ಲಿ ಬಂದವಕ್ಕೆ ಇದು ಮಾಮೂಲು.

ಬಿಳಿ ಚುಕ್ಕೆ ಇದೆಯಾ ಅಂತಲೂ ನೋಡಿ. ಹಾಲು ಚಿಮ್ಮಿದ ಹಾಗೆ ಇರುತ್ತದೆ, ಹೆಸರೂ ಹಾಲಿನ ಮಚ್ಚೆ. ಟಂಕಸಾಲೆಯಲ್ಲಿ ಬಿಲ್ಲೆ ತೊಳೆದ ರಾಸಾಯನಿಕ ಉಳಿದು ಕಾಯಿಸುವಾಗ ಕೂರುವುದೇ ಕಾರಣ ಅನ್ನುತ್ತಾರೆ. ತಮಾಷೆ ಅಂದರೆ ಇದು ಕೊಂಡ ದಿನ ಕಾಣುವುದಿಲ್ಲ, ಎಷ್ಟೋ ತಿಂಗಳ ಮೇಲೆ ಬರುತ್ತದೆ. ಸ್ಲ್ಯಾಬ್ ಒಳಗೂ ಬರುತ್ತದೆ, ಅದಕ್ಕೆ ಗ್ರೇಡಿಂಗ್ ಕಂಪನಿಗಳು ಹೊಣೆ ಹೊರುವುದಿಲ್ಲ. ಮೇಪಲ್ ಲೀಫ್‌ಗೆ ಇದು ಜಾಸ್ತಿ ಕಾಟ ಕೊಟ್ಟು, ಕೆನಡಾ ಟಂಕಸಾಲೆ 2018ರಲ್ಲಿ ಮಿಂಟ್‌ಶೀಲ್ಡ್ ಅನ್ನುವ ತಂತ್ರ ತಂದಿತು.

ನೇರ ಅಮೆರಿಕಕ್ಕೆ ಪಾರ್ಸೆಲ್ ಮಾಡುವ ಸಾಹಸ ಒಂದೆರಡು ನಾಣ್ಯಕ್ಕೆ ಬೇಡ. ಹೋಗುವಾಗ ಕಾಗದ ಸರಿಯಿಲ್ಲದಿದ್ದರೆ ವಾಪಸ್ ಬರುವಾಗ ಕಸ್ಟಮ್ಸ್‌ನವರು ಹೊಸದಾಗಿ ತರಿಸಿದ್ದು ಅಂತ ಸುಂಕ ಹಾಕಬಹುದು. ಕಂಪನಿಯ ವೆಬ್‌ಸೈಟಿನಲ್ಲಿ ಅಧಿಕೃತ ಡೀಲರ್‌ಗಳ ಪಟ್ಟಿ ಇರುತ್ತದೆ. ಅವರ ಮೂಲಕ ಕಳಿಸಿ. ಕೊಡುವ ಮುಂಚೆ ನಾಣ್ಯದ ಎರಡೂ ಮುಖದ ಫೋಟೋ ತೆಗೆದು, ತೂಕ ಬರೆದು, ರಸೀದಿ ತೆಗೆದುಕೊಳ್ಳಿ. ಅಮೆರಿಕದಲ್ಲೇ ಮಗಳೋ ಅಳಿಯನೋ ಇದ್ದರೆ ನಾಣ್ಯ ಇಲ್ಲಿಗೆ ಬರುವ ಮುಂಚೆ ಅಲ್ಲೇ ಗ್ರೇಡ್ ಮಾಡಿಸುವುದು ಎಷ್ಟೋ ಸುಲಭ. ಅವರು ಸೂಟ್‌ಕೇಸಿನಲ್ಲಿ ತರುವಾಗ ಮಾತ್ರ ಹುಷಾರು. ಒಡವೆಗಿರುವ ರಿಯಾಯಿತಿ ಬೆಳ್ಳಿ ನಾಣ್ಯಕ್ಕೆ ಸಿಗುವುದಿಲ್ಲ. ಕಸ್ಟಮ್ಸ್‌ನಲ್ಲಿ ಹೇಳಿ ಸುಂಕ ಕಟ್ಟಿ ಬರಲಿ.

ಈಗ ಆ ಗುಂಡಿ. ಅಜ್ಜನ ಪೆಟ್ಟಿಗೆಯಲ್ಲಿ ಟಿಪ್ಪುವಿನ ರೂಪಾಯಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಬೆಳ್ಳಿ, ವಿಕ್ಟೋರಿಯಾ ರೂಪಾಯಿ ಸಿಕ್ಕಿದೆ ಅನ್ನಿ. ಇವನ್ನು ಗ್ರೇಡಿಂಗ್‌ಗೆ ಹೊರದೇಶಕ್ಕೆ ಕಳಿಸಲೇಬೇಡಿ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತು ಕಾಯ್ದೆಯಡಿ ಬರುತ್ತದೆ. ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಇಟ್ಟುಕೊಳ್ಳಬಹುದು, ದೇಶದೊಳಗಿನ ಹರಾಜಿನವರಿಗೆ ತೋರಿಸಬಹುದು. ಜಾರ್ಜ್ ರಾಜರ ರೂಪಾಯಿಗಳಲ್ಲೂ ವರ್ಷ ನೋಡಿ. 11.66 ಗ್ರಾಂ ತೂಕ ಎಲ್ಲದಕ್ಕೂ ಒಂದೇ. ಆದರೆ ಹಳೆಯದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ ಇತ್ತು, 1940ರಲ್ಲಿ ಅದು ಅರ್ಧಕ್ಕೆ ಇಳಿಯಿತು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ನಿಕಲ್.

ಹಳೇ ನಾಣ್ಯದ ಹೆಸರಲ್ಲಿ ಬರುವ ಫೋನ್ ಬಗ್ಗೆಯೂ ಒಂದು ಮಾತು. "ನಿಮ್ಮ ನಾಣ್ಯಕ್ಕೆ ಐದು ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಳಿಸಿ" ಅಂದರೆ ಫೋನ್ ಇಡಿ. ಕೆಲವರು ರಿಸರ್ವ್ ಬ್ಯಾಂಕ್ ಹೆಸರನ್ನೇ ಹೇಳುತ್ತಾರೆ. ಹಾಗೆ ಯಾರಿಗೂ ಅನುಮತಿ ಕೊಟ್ಟಿಲ್ಲ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ.

ಇಡುವುದು, ಮಾರುವುದು

ಬೆಳ್ಳಿಗೆ ಗಂಧಕ ಆಗುವುದಿಲ್ಲ. ರಬ್ಬರ್ ಬ್ಯಾಂಡ್, ಹಳೇ ಪೇಪರ್, ಮರದ ಪೆಟ್ಟಿಗೆ ಎಲ್ಲದರಿಂದಲೂ ಕಪ್ಪಾಗುತ್ತದೆ. ಮೆತ್ತಗಿನ ಪಿವಿಸಿ ಕವರ್ ಇನ್ನೂ ಕೆಟ್ಟದ್ದು. ಕೆಲವು ವರ್ಷಕ್ಕೆ ನಾಣ್ಯದ ಮೇಲೆ ಹಸಿರು ಅಂಟು ಕೂರುತ್ತದೆ. ನಾಣ್ಯದ ಅಳತೆಯ ಗಟ್ಟಿ ಕ್ಯಾಪ್ಸೂಲ್ (ಗುಂಡಗಿನ ಪ್ಲಾಸ್ಟಿಕ್ ಡಬ್ಬಿ) ಕೊಳ್ಳಿ. ಈಗಲ್‌ಗೆ 40.6, ಮೇಪಲ್‌ಗೆ 38 ಮಿಲಿಮೀಟರ್. ಅದನ್ನು ಬಿಗಿ ಮುಚ್ಚಳದ ಡಬ್ಬದಲ್ಲಿ ಹಾಕಿ, ಜೊತೆಗೆ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಇಡಿ. ಕಾವೇರಿ ಬಯಲಿನ ಮಳೆಗಾಲಕ್ಕೆ ಅದು ಬೇಕು. ಊದಿನಕಡ್ಡಿ ಹೊಗೆ ಇರುವ ದೇವರ ಮನೆ ಸರಿಯಾದ ಜಾಗವಲ್ಲ.

ಮಾರುವಾಗ ನಾಣ್ಯಕ್ಕೆ ತಕ್ಕ ಅಂಗಡಿ ಹುಡುಕಿ. ಲೋಹದ ಬೆಲೆ ಸಾಕು ಅಂದರೆ ಅಶೋಕ ರಸ್ತೆ, ಪೇಟೆ ಬೀದಿ ಎರಡೂ ಚೆನ್ನ. ಎರಡು ಮೂರು ಕಡೆ ಕೇಳಿ, ಕಡಿತ ಎಷ್ಟು ಅಂತ ಮೊದಲೇ ಬಾಯಿಬಿಟ್ಟು ಹೇಳಿಸಿ. ಅಂಕಕ್ಕೆ ಬೆಲೆ ಬೇಕು ಅಂದರೆ ಬೆಂಗಳೂರು, ಮುಂಬೈಯ ನಾಣ್ಯ ಹರಾಜಿನವರನ್ನೋ ಸಂಗ್ರಹಕಾರರನ್ನೋ ಹುಡುಕಬೇಕು. ಹರಾಜಿನವರ ಕಮಿಷನ್ ಕಳೆದು ಎಷ್ಟು ಉಳಿಯುತ್ತದೆ ಅಂತ ನೋಡಿ. ಕೊಂಡ ಬಿಲ್ಲು ಇರಲಿ, ಅದರಲ್ಲಿ 3 ಪರ್ಸೆಂಟ್ ಜಿಎಸ್‌ಟಿ ಕಾಣಬೇಕು. 24 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡು ಮಾರಿದರೆ, 2024ರ ಜುಲೈ 23ರಿಂದ ಬಂದ ನಿಯಮದಂತೆ ಲಾಭದ ಮೇಲೆ 12.5 ಪರ್ಸೆಂಟ್ ತೆರಿಗೆ. ಬಿಲ್ಲಿಲ್ಲದಿದ್ದರೆ ಲಾಭ ಎಷ್ಟು ಅಂತ ತೋರಿಸುವುದೇ ಕಷ್ಟ.

ಷಡ್ಡಕರು ಕೊನೆಗೆ ಆ ನಾಣ್ಯ ಮಾರಲಿಲ್ಲ. ವೆಬ್‌ಸೈಟಿನಲ್ಲಿ ನೋಡಿದರೆ ಆ ವರ್ಷದ 70 ಅಂಕದವು ರಾಶಿ ಬಿದ್ದಿದ್ದವು. ಹೆಚ್ಚು ಬರುತ್ತಿದ್ದುದು ಡಬ್ಬಿಯ ಖರ್ಚಿನಷ್ಟೇ. ದುಡ್ಡು ನನ್ನಿಂದಲೇ ಕೈಸಾಲ ತೆಗೆದುಕೊಂಡರು. ನಾಣ್ಯ ಬೀರುವಿಗೆ ವಾಪಸ್ ಹೋಯಿತು, ಜೊತೆಗೆ ಅವರ ಹೆಂಡತಿ ಕೈಬರಹದಲ್ಲಿ ಒಂದು ಚೀಟಿ: "ಅಮೆರಿಕದ ಈಗಲ್, 31.1 ಗ್ರಾಂ, ಮಗಳು ಕೊಟ್ಟದ್ದು. ನಂಬರ್ ಡೈರಿಯಲ್ಲಿದೆ. ಡಬ್ಬಿ ಒಡೆಯಬೇಡಿ. ಹಬ್ಬಕ್ಕೆ ತಿಕ್ಕಬೇಡಿ."